ಗಿಲ್‌ರೇ ವ್ಯಂಗ್ಯಚಿತ್ರ: ಅಸಲಿಯೋ, ಮರುಮುದ್ರಣವೋ?

ಪ್ರಶ್ನೆ (ಶಿರಸಿ): ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ 1791ರಲ್ಲಿ ಬರೆದ, ಶ್ರೀರಂಗಪಟ್ಟಣದಿಂದ ಕಾರ್ನ್‌ವಾಲಿಸ್ ಹಿಮ್ಮೆಟ್ಟುವ ಚಿತ್ರದ ಒಂದು ಪ್ರತಿ ಇಲ್ಲಿದೆ. ಹಳೆಯದೇ ಎಂದು ತಿಳಿಯುವುದು ಹೇಗೆ? ಅಂಚಿಗೆ ಬೂಸರು ಹಿಡಿದಿದೆ.

ಉತ್ತರ (ಕಾರವಾರ): ಮೊದಲು ಭೂತಗನ್ನಡಿ ಹಿಡಿಯಿರಿ. ಸಾಲುಸಾಲು ಚುಕ್ಕಿ ಕಂಡರೆ ಅದು ಆಧುನಿಕ ಅಚ್ಚು, ಮುಂದೆ ನೋಡುವುದೇ ಬೇಡ. ತಾಮ್ರದ ಹಲಗೆಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಆಮ್ಲದಲ್ಲಿ ಕೊರೆದ ಗೆರೆಯಾದರೆ ಶಾಯಿ ಕಾಗದದ ಮೇಲೆ ತುಸು ಉಬ್ಬಿರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತದೆ. ಸುತ್ತ ಹಲಗೆ ಒತ್ತಿದ ತಗ್ಗು ಇರಬೇಕು, ಅಂಚು ಕತ್ತರಿಸಿದ್ದರೆ ಅದು ಹೋಗಿರುತ್ತದೆ. ಬಣ್ಣ ಕೈಯಿಂದ ಹಚ್ಚಿದ್ದು, ಹಾಗಾಗಿ ಗೆರೆ ದಾಟುವುದು ಸಹಜ. ಕೆಳಗೆ ಪ್ರಕಾಶಕಿ ಹನ್ನಾ ಹಂಫ್ರಿ ಹೆಸರು, ತಾರೀಖು ಹುಡುಕಿ. 1735ರ ಹಕ್ಕುಸ್ವಾಮ್ಯ ಕಾಯ್ದೆ ಅದನ್ನು ಕಡ್ಡಾಯ ಮಾಡಿತ್ತು.

ಉತ್ತರ (ಕುಮಟಾ): ಹೆಸರು, ತಾರೀಖು ಇದ್ದ ಮಾತ್ರಕ್ಕೆ ನಂಬಬೇಡಿ ಮಾರಾಯ್ರೇ! ಹಳೆಯ ಹಲಗೆಗಳಿಂದಲೇ ಲಂಡನ್ನಿನ ಪ್ರಕಾಶಕ ಹೆನ್ರಿ ಬೋನ್ 1851ರ ಸುಮಾರಿಗೆ ಮತ್ತೆ ಅಚ್ಚು ಹಾಕಿದ. ಗೆರೆ, ತಗ್ಗು, ತಾರೀಖು ಎಲ್ಲ ಅವೇ. ಆದರೆ ಕಾಗದ ದಪ್ಪ, ಸಾಮಾನ್ಯವಾಗಿ ಬಣ್ಣವಿಲ್ಲ, ಹಲವು ಹಾಳೆಗಳ ಹಿಂಬದಿಯಲ್ಲೂ ಇನ್ನೊಂದು ಚಿತ್ರ. ಹಾಳೆ ತಿರುಗಿಸಿ ನೋಡಿ.

ಉತ್ತರ (ಕಾರವಾರ): ಬೂಸರಿಗೆ ಒದ್ದೆ ಬಟ್ಟೆ ಖಂಡಿತ ಬೇಡ, ಜಲವರ್ಣ ಹರಡಿಬಿಡುತ್ತದೆ. ಒಣಹವೆಯ ದಿನ ಹೊರಗಿಟ್ಟು, ಮೆತ್ತನೆ ಕುಂಚದಿಂದ ಹಗುರಾಗಿ ಸವರಿ. ಬೆನ್ನಿಗಿರುವ ಪ್ಲೈವುಡ್ ತೆಗೆದು ಆಮ್ಲರಹಿತ ರಟ್ಟು ಹಾಕಿ. ಗಾಜು ಚಿತ್ರಕ್ಕೆ ತಾಗಬಾರದು. ಮಳೆಗಾಲದಲ್ಲಿ ಹೊರಗೋಡೆಗೆ ಮಾತ್ರ ತೂಗುಹಾಕಬೇಡಿ.