ಪ್ರೋಟೀನ್ ಎಲ್ಲಾ ಪೆಲೆಟ್‌ಗೇ ಹೋಗುತ್ತಿದೆ, ಸರಿಯಾಗಿ ಮಡಿಚಿಕೊಳ್ಳುವ ಹಾಗೆ ಮಾಡೋದು ಹೇಗೆ?

ಸೋಮವಾರಪೇಟೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮನುಷ್ಯರ ಜಿ-ಸಿಎಸ್‌ಎಫ್ ಪ್ರೋಟೀನ್ ತೆಗೆಯಬೇಕು, ಕೀಮೋ ಆದವರಿಗೆ ಬಿಳಿ ರಕ್ತಕಣ ಹೆಚ್ಚಿಸಲು ಕೊಡುತ್ತಾರಲ್ಲ, ಅದೇ. ಜೆಲ್‌ನಲ್ಲಿ ದಪ್ಪ ಬ್ಯಾಂಡ್ ಬರುತ್ತದೆ, ಆದರೆ ಕೋಶ ಒಡೆಯಲು ಸೊನಿಕೇಟ್ ಮಾಡಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಎಲ್ಲಾ ಪೆಲೆಟ್‌ನಲ್ಲೇ, ಅಂದರೆ ತಳಕ್ಕೆ ಕೂರುವ ಗಟ್ಟಿಯಲ್ಲೇ. ಟ್ಯೂಬಿನ ತಳದಲ್ಲಿ ಸುಣ್ಣದ ಹಾಗೆ ಬೆಳ್ಳಗೆ ಕೂತಿರುತ್ತದೆ, ಟಿಪ್‌ನಿಂದ ಕೆದಕಿದರೂ ಏಳುವುದಿಲ್ಲ. 37 ಡಿಗ್ರಿ, ಪ್ರೋಟೀನ್ ತಯಾರಿ ಶುರು ಮಾಡಿಸಲು 1 ಮಿಲಿಮೋಲಾರ್ ಐಪಿಟಿಜಿ, 4 ಗಂಟೆ. 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ, ಯೂರಿಯಾ ಹೊರಹೋಗಲಿ ಅಂತ ನೇರವಾಗಿ ಬಫರ್‌ಗೆ ಡಯಾಲಿಸಿಸ್ ಹಾಕಿದೆ, ಬೆಳಿಗ್ಗೆ ಬಂದು ನೋಡಿದರೆ ಚೀಲದ ತುಂಬ ಒಡೆದ ಹಾಲು. ಎರಡು ಸಲ ಹೀಗೇ ಆಯಿತು. ಕ್ಲೋನ್ ಬದಲಾಯಿಸಬೇಕಾ?

ತೋಟದಮನೆ:
ಕ್ಲೋನ್ ಮುಟ್ಟಬೇಡಮ್ಮ. ಆ ಬೆಳ್ಳಗಿನದು ಇನ್‌ಕ್ಲೂಷನ್ ಬಾಡಿ, ಅಂದರೆ ಸರಿಯಾಗಿ ಮಡಿಚಿಕೊಳ್ಳದ ಪ್ರೋಟೀನ್ ಕೋಶದೊಳಗೆ ಕಟ್ಟಿಕೊಂಡ ಗಂಟು, ಅದರಲ್ಲಿ ಇರುವುದು ಹೆಚ್ಚಿನದೆಲ್ಲಾ ನಿನ್ನ ಪ್ರೋಟೀನೇ. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಜಿ-ಸಿಎಸ್‌ಎಫ್ ಔಷಧಿ ಫಿಲ್‌ಗ್ರಾಸ್ಟಿಮ್ ಕೂಡ ಇ. ಕೋಲಿಯಿಂದಲೇ ಬರುವುದು, ಅದನ್ನೂ ಇದೇ ಥರದ ಗಂಟಿನಿಂದ ಬಿಡಿಸಿ ಮತ್ತೆ ಮಡಿಚುತ್ತಾರೆ. ಹಾಗಾಗಿ ಅರ್ಧ ದಾರಿ ಆಗಲೇ ನಡೆದಿದ್ದೀಯ.

ತಪ್ಪಾಗಿರುವುದು ಡಯಾಲಿಸಿಸ್‌ನಲ್ಲಿ. ಪ್ರೋಟೀನ್ ದಟ್ಟವಾಗಿರುವಾಗ ಯೂರಿಯಾ ಹೋದರೆ ಬಿಚ್ಚಿಕೊಂಡ ಎಳೆಗಳು ತಮ್ಮಷ್ಟಕ್ಕೆ ಮಡಿಚಿಕೊಳ್ಳುವ ಮೊದಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊದಲು ಪೆಲೆಟ್ ಅನ್ನು 1% ಟ್ರೈಟಾನ್ (ಡಿಟರ್ಜೆಂಟ್) ಬಫರ್‌ನಲ್ಲಿ ಎರಡು ಸಲ ತೊಳೆ. ಆಮೇಲೆ ಯೂರಿಯಾ ಜೊತೆ ಡಿಟಿಟಿ ಹಾಕಿ ಕರಗಿಸು, ಅದು ಡೈಸಲ್ಫೈಡ್ ಬಿಚ್ಚುತ್ತದೆ, ಅಂದರೆ ಎರಡು ಸಿಸ್ಟೀನ್‌ಗಳ ನಡುವಿನ ಗಂಧಕದ ಬಂಧ; ಇಲ್ಲದಿದ್ದರೆ ತಪ್ಪಾಗಿ ಕಟ್ಟಿಕೊಂಡದ್ದು ಹಾಗೇ ಉಳಿಯುತ್ತದೆ. ನಂತರ 4 ಡಿಗ್ರಿಯಲ್ಲಿ, ನಿಧಾನವಾಗಿ ಕಲಕುತ್ತಿರುವ ದೊಡ್ಡ ಪ್ರಮಾಣದ ರಿಫೋಲ್ಡಿಂಗ್ ಬಫರ್‌ಗೆ ಹನಿ ಹನಿಯಾಗಿ ಬಿಡು. ಕೊನೆಗೆ ಮಿಲಿಲೀಟರ್‌ಗೆ 0.1 ಮಿಲಿಗ್ರಾಂ ದಾಟಬಾರದು. ಬಫರ್‌ನಲ್ಲಿ 0.5 ಮೋಲಾರ್ ಆರ್ಜಿನೈನ್ ಇರಲಿ, ಅಂಟಿಕೊಳ್ಳುವುದನ್ನು ತಡೆಯುತ್ತದೆ. ಗ್ಲುಟಾಥಯೋನ್ ಆಕ್ಸಿಡೈಸ್ಡ್, ರಿಡ್ಯೂಸ್ಡ್ ಎರಡೂ ರೂಪದಲ್ಲಿ ಬೇಕು. ತಪ್ಪು ಬಂಧ ಬಿಚ್ಚಿ ಸರಿಯಾದದ್ದು ಕಟ್ಟಿಕೊಳ್ಳಲು ಅವಕಾಶ ಸಿಗುವುದು ಅದರಿಂದಲೇ. ಜಿ-ಸಿಎಸ್‌ಎಫ್‌ನಲ್ಲಿ ಸಿಸ್ಟೀನ್ ಐದು, ಬಂಧ ಎರಡೇ, ಸರಪಳಿಯ 36–42 ಮತ್ತು 64–74ನೇ ಸ್ಥಾನಗಳ ನಡುವೆ. ಹದಿನೇಳನೆಯದು ಒಂಟಿ. ತೊಂದರೆ ಕೊಡುವುದು ಹೆಚ್ಚಾಗಿ ಆ ಒಂಟಿಯೇ.

ಗೋಣಿಕೊಪ್ಪ ಅಕ್ಕ:
37 ಡಿಗ್ರಿ ಬಿಟ್ಟು 18ಕ್ಕೆ ಇಳಿಸಿ, ಐಪಿಟಿಜಿ 0.1 ಮಾಡಿ ರಾತ್ರಿಯಿಡೀ ಬಿಟ್ಟು ಒಂದು ಸಲ ನೋಡು. ಪ್ರೋಟೀನ್ ನಿಧಾನವಾಗಿ ತಯಾರಾದರೆ ಮಡಿಚಿಕೊಳ್ಳಲು ಸಮಯ ಸಿಗುತ್ತದೆ. ಮಳೆಗಾಲದಲ್ಲಿ ನಮ್ಮ ಲ್ಯಾಬಿನ ಕೋಣೆಯೇ 20ರ ಆಸುಪಾಸು ಇರುತ್ತಿತ್ತು, ಕರೆಂಟ್ ಹೋದಾಗಲೂ ಕಲ್ಚರ್ ಬೆಚ್ಚಗಾಗುವ ಚಿಂತೆ ಇರಲಿಲ್ಲ. ಆದರೆ ಕೋಶದ ಒಳಗಿನ ವಾತಾವರಣ ಡೈಸಲ್ಫೈಡ್ ಕಟ್ಟಲು ಬಿಡುವುದಿಲ್ಲ, ಆ ಕೆಲಸ ಮಾಡುವ ಡಿಎಸ್‌ಬಿಎ ಎಂಬ ಕಿಣ್ವ ಇರುವುದು ಪೆರಿಪ್ಲಾಸಂನಲ್ಲಿ, ಅಂದರೆ ಬ್ಯಾಕ್ಟೀರಿಯಾದ ಎರಡು ಪೊರೆಗಳ ನಡುವಿನ ಜಾಗದಲ್ಲಿ. ಹಾಗಾಗಿ ನಿನ್ನ ಪ್ರೋಟೀನ್‌ಗೆ ಬರೀ ಚಳಿ ಸಾಲದೇ ಹೋಗಬಹುದು. ಎರಡು ತಿಂಗಳೇ ಉಳಿದಿದ್ದರೆ ತೋಟದಮನೆಯವರ ದಾರಿಯೇ ಹಿಡಿ.

ಸೋಮವಾರಪೇಟೆ ಹುಡುಗಿ:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಇನ್ನೊಂದು. ಇಲ್ಲಿನ ಚಳಿಗೆ 8 ಮೋಲಾರ್ ಯೂರಿಯಾ ಕರಗುವುದೇ ಇಲ್ಲ, ಬೀಕರ್ ಹಿಡಿದರೆ ಕೈ ಮರಗಟ್ಟುತ್ತದೆ. ಹಾಟ್‌ಪ್ಲೇಟ್ ಮೇಲೆ ಇಟ್ಟು ಕರಗಿಸಿದ್ದೆ, ಪರವಾಗಿಲ್ಲ ಅಲ್ವಾ?

ತೋಟದಮನೆ:
ಅಯ್ಯೋ, ಅದು ಬೇಡ! ಯೂರಿಯಾ ಕರಗುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತದೆ, ಅದಕ್ಕೇ ಬೀಕರ್ ಅಷ್ಟು ತಣ್ಣಗಾಗುವುದು. ಬಿಸಿ ಮಾಡಿದರೆ ಯೂರಿಯಾದಿಂದ ಸಯನೇಟ್ ಹುಟ್ಟಿ ಪ್ರೋಟೀನಿನ ಲೈಸೀನ್ ಎಂಬ ಅಮೈನೋ ಆಮ್ಲಗಳಿಗೆ ಅಂಟುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಮಡಿಚಿದರೂ ಅದು ಬೇರೆಯೇ ಪ್ರೋಟೀನ್. ಜೆಲ್‌ನಲ್ಲಿ ಇದು ಗೊತ್ತೂ ಆಗುವುದಿಲ್ಲ. ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಬೀಕರ್ ಇಟ್ಟು ಕಲಕು, ಸಾಕು. ಅವತ್ತು ಮಾಡಿದ್ದನ್ನು ಅವತ್ತೇ ಬಳಸು.

ಗೋಣಿಕೊಪ್ಪ ಅಕ್ಕ:
ರಿಫೋಲ್ಡ್ ಆದ ಮೇಲೆ ಡಿಟಿಟಿ ಹಾಕಿದ್ದು, ಹಾಕದ್ದು ಎರಡನ್ನೂ ಒಂದೇ ಜೆಲ್‌ನಲ್ಲಿ ಓಡಿಸು, ಮಧ್ಯೆ ಒಂದು ಲೇನ್ ಖಾಲಿ ಬಿಡು. ಡೈಸಲ್ಫೈಡ್ ಕಟ್ಟಿದ್ದು ಬಿಗಿಯಾಗಿರುವುದರಿಂದ ಸ್ವಲ್ಪ ಮುಂದೆ ಓಡುತ್ತದೆ. ಆದರೂ ಕೊನೆಯ ಮಾತು ಕೋಶಗಳದ್ದೇ. ಜಿ-ಸಿಎಸ್‌ಎಫ್‌ಗೆ ಸ್ಪಂದಿಸುವ ಎನ್‌ಎಫ್‌ಎಸ್-60 ಎಂಬ ಇಲಿಯ ಕೋಶಗಳು ನಿನ್ನ ಪ್ರೋಟೀನ್ ಹಾಕಿದಾಗ ಬೆಳೆಯುತ್ತವಾ ನೋಡಬೇಕು, ಆ ಕೋಶ ಇರುವ ಲ್ಯಾಬ್ ಯಾವುದು ಅಂತ ನಿಮ್ಮ ಗೈಡ್ ಹತ್ತಿರ ಈ ವಾರವೇ ಕೇಳು.