ಎತ್ತರ ಕಡಿಮೆ ಇರುವವರಿಗೆ ಇಂಗ್ಲಿಷ್ ಶೈಲಿಯ ಕುದುರೆ ಸವಾರಿ ಬೂಟು: ಆಯ್ಕೆ ಹೇಗೆ?

ಪ್ರಶ್ನೆ:
ನನ್ನ ಎತ್ತರ ಐದು ಅಡಿಗಿಂತ ಕಡಿಮೆ, ಮೀನಖಂಡ ಮಾತ್ರ ತುಸು ದಪ್ಪ. ಅಂಗಡಿಯಲ್ಲಿ ಹಾಕಿ ನೋಡಿದ ಉದ್ದನೆಯ ಚರ್ಮದ ಬೂಟುಗಳೆಲ್ಲ ಮೊಣಕಾಲಿನ ಹಿಂಬದಿಯನ್ನು ಒತ್ತುತ್ತವೆ. ಮಕ್ಕಳ ಅಳತೆಯವುಗಳಲ್ಲಿ ಜಿಪ್ಪೇ ಮೇಲೇರುವುದಿಲ್ಲ. ಡ್ರೆಸಾಜ್‌ಗೂ (ಕುದುರೆಯನ್ನು ನಿಗದಿತ ಚಲನೆಗಳಲ್ಲಿ ನಡೆಸುವ ಸವಾರಿ) ಸಣ್ಣ ಜಿಗಿತಗಳಿಗೂ ಒದಗುವ ಬೂಟನ್ನು ಆರಿಸುವ ಬಗೆಯನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಮೊದಲು ಅಳತೆ ಸರಿಯಾಗಲಿ. ಸವಾರಿಯ ಬ್ರೀಚಸ್ (ಬಿಗಿಯಾದ ಪ್ಯಾಂಟು) ಮತ್ತು ಕಾಲುಚೀಲ ಧರಿಸಿ, ಪಾದವನ್ನು ನೆಲಕ್ಕೆ ಸಮನಾಗಿ ಊರಿ, ಮೊಣಕಾಲು 90 ಡಿಗ್ರಿ ಮಡಚುವಂತೆ ಕುರ್ಚಿಯಲ್ಲಿ ಕುಳಿತು, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗಿನ ಉದ್ದವನ್ನೂ ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆಯನ್ನೂ ಎರಡೂ ಕಾಲುಗಳಲ್ಲಿ ಬೇರೊಬ್ಬರಿಂದ ಅಳೆಸಿಕೊಳ್ಳಿ. ಸುತ್ತಳತೆಯಲ್ಲಿ ದಪ್ಪ ಕಾಲಿನದೇ ಲೆಕ್ಕ. ಹೊಸ ಚರ್ಮವು ಕಣಕಾಲಿನ ಬಳಿ ಮಡಿಕೆಗೊಂಡು ಸಾಮಾನ್ಯವಾಗಿ 2.5ರಿಂದ 5 ಸೆಂ.ಮೀ.ವರೆಗೆ ಕುಸಿಯುತ್ತದೆ, ಹಾಗಾಗಿ ಆರಂಭದಲ್ಲಿ ತುಸು ಎತ್ತರವೆನಿಸುವ ಬೂಟೇ ಮುಂದೆ ಸರಿಹೊಂದುತ್ತದೆ. ಅಲ್ಲಿಯವರೆಗೆ ಹಿಮ್ಮಡಿಯಡಿ ಹೀಲ್ ಲಿಫ್ಟ್ (ಹಿಮ್ಮಡಿ ಎತ್ತರಿಸುವ ಮೆತ್ತೆ) ಇಟ್ಟುಕೊಂಡರೆ ಒತ್ತಡ ತಗ್ಗುತ್ತದೆ. ಅಷ್ಟು ಕುಸಿದ ಮೇಲೂ ಒತ್ತುವಂತಿದ್ದರೆ ಮಾತ್ರ ಆ ಬೂಟನ್ನು ಬಿಡಿ.

ಉತ್ತರ 2:
ನಿಮ್ಮ ಎರಡೂ ಉದ್ದೇಶಗಳಿಗೆ ಫೀಲ್ಡ್ ಬೂಟೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಈ ಉದ್ದನೆಯ ಬೂಟಿಗೆ ಪಾದದ ಮೇಲ್ಭಾಗದಲ್ಲಿ ಲೇಸ್ ಇರುವುದರಿಂದ, ಜಿಗಿತಕ್ಕೆಂದು ರಿಕಾಪನ್ನು (ಜೀನಿನಿಂದ ತೂಗುವ ಪಾದದ ಆಸರೆ) ಗಿಡ್ಡ ಮಾಡಿದಾಗಲೂ ಕಣಕಾಲು ಸರಾಗವಾಗಿ ಬಾಗುತ್ತದೆ. ‘ಗಿಡ್ಡ ಉದ್ದ, ಅಗಲ ಮೀನಖಂಡ’ದ ಅಳತೆಯನ್ನೇ ಕೇಳಿ, ಜಿಪ್ಪಿನ ಪಕ್ಕ ಎಲಾಸ್ಟಿಕ್ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಹೊರಬದಿಯ ಅಂಚು ಎತ್ತರವಾಗಿರುವ ವಿನ್ಯಾಸದಲ್ಲಿ ಕಾಲು ಉದ್ದವಾಗಿಯೂ ಕಾಣುತ್ತದೆ.

ಉತ್ತರ 3:
ದಿನನಿತ್ಯದ ಅಭ್ಯಾಸಕ್ಕೆ ಪ್ಯಾಡಕ್ ಬೂಟು (ಕಣಕಾಲಿನವರೆಗಿನ ಗಿಡ್ಡ ಬೂಟು) ಮತ್ತು ಹಾಫ್ ಚಾಪ್ಸ್ (ಮೀನಖಂಡಕ್ಕೆ ಸುತ್ತಿಕೊಳ್ಳುವ ಹೊದಿಕೆ) ಸಾಕು. ಪಾದಕ್ಕೊಂದು, ಮೀನಖಂಡಕ್ಕೊಂದು ಅಳತೆಯನ್ನು ಬೇರೆಬೇರೆಯಾಗಿ ಆರಿಸಬಹುದು. ಸ್ಪರ್ಧೆಗಿಳಿಯುವುದಾದರೆ ಅಲ್ಲಿನ ಉಡುಪಿನ ನಿಯಮವನ್ನು ಮುಂಚಿತವಾಗಿ ಓದಿಕೊಳ್ಳಿ.