ಬ್ರೆಕ್ಸಿಟ್ ನಂತರ ಜೆರ್ಸಿ ಪಾಸ್‌ಪೋರ್ಟಿನ ಅವಧಿ: ಫ್ರಾನ್ಸಿಗೆ ಹೊರಡುವ ಮುನ್ನ ನೋಡಬೇಕಾದ ತಾರೀಖುಗಳು

ಪ್ರಶ್ನೆ: 2026ರ ಆಗಸ್ಟ್ 12ಕ್ಕೆ ಜೆರ್ಸಿಯಿಂದ (ಇಂಗ್ಲಿಷ್ ಕಾಲುವೆಯ ಬ್ರಿಟಿಷ್ ದ್ವೀಪ) ಹಡಗಿನಲ್ಲಿ ಫ್ರಾನ್ಸಿನ ಸೇಂಟ್ ಮಾಲೋಗೆ ಹೋಗಿ 20ಕ್ಕೆ ಮರಳಬೇಕು. ನನ್ನದು ಜೆರ್ಸಿಯಲ್ಲಿ ಕೊಟ್ಟ ಹಳೇ ಕೆಂಪು ಪಾಸ್‌ಪೋರ್ಟ್, ಮೇಲೆ ಇನ್ನೂ ‘ಯುರೋಪಿಯನ್ ಯೂನಿಯನ್’ ಅಂತಿದೆ. ಕೊಟ್ಟದ್ದು 14 ಜೂನ್ 2016, ಮುಗಿಯುವುದು 14 ಮಾರ್ಚ್ 2027. ಮಗಳದ್ದು 9 ಅಕ್ಟೋಬರ್ 2021ರಿಂದ 9 ಅಕ್ಟೋಬರ್ 2026. ಹೆಂಡತಿಯದು ಭಾರತದ ಪಾಸ್‌ಪೋರ್ಟ್. ಇವು ನಡೆಯುತ್ತವೆಯೇ?

ಜೆರ್ಸಿಯ ಸೇಂಟ್ ಹೆಲಿಯರ್‌ನಿಂದ ಒಬ್ಬರ ಉತ್ತರ: ಮುಖಪುಟದ ಚಿಂತೆ ಬಿಡಿ. ಕೆಂಪಾಗಲಿ ನೀಲಿಯಾಗಲಿ, ಯೂನಿಯನ್ ಹೆಸರಿರಲಿ ಇಲ್ಲದಿರಲಿ, ಪಾಸ್‌ಪೋರ್ಟ್ ಊರ್ಜಿತವೇ. ನಿಮಗೆ ತೊಡಕಾಗುವುದು ಒಳಪುಟದ ತಾರೀಖು. 2021ರ ಜನವರಿ 1ರಿಂದ ಬ್ರಿಟಿಷ್ ಪ್ರಜೆಗಳು ಷೆಂಗೆನ್‌ಗೆ (ಫ್ರಾನ್ಸೂ ಸೇರಿ, ತಮ್ಮೊಳಗೆ ಗಡಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಕೂಟ) ಹೊರಗಿನವರು. ಹೊರಗಿನವರಿಗೆ ಎರಡು ಷರತ್ತು: ಒಳಗೆ ಕಾಲಿಡುವ ದಿನ ಪಾಸ್‌ಪೋರ್ಟಿಗೆ 10 ವರ್ಷ ತುಂಬಿರಬಾರದು, ಹೊರಬರುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಅವಧಿ ಉಳಿದಿರಬೇಕು.

2018ರ ಸೆಪ್ಟೆಂಬರ್‌ವರೆಗೆ ನವೀಕರಿಸಿದಾಗ ಹಳೆಯದರಲ್ಲಿ ಉಳಿದ ತಿಂಗಳುಗಳನ್ನು, ಗರಿಷ್ಠ 9, ಹೊಸದಕ್ಕೆ ಸೇರಿಸುತ್ತಿದ್ದರು. ನಿಮ್ಮದು ಅದೇ: 10 ವರ್ಷ 9 ತಿಂಗಳು. ಮೊದಲ ಷರತ್ತಿನ ಪ್ರಕಾರ ನೀವು ಫ್ರಾನ್ಸಿನಲ್ಲಿ ಇಳಿಯಬಹುದಾದ ಕೊನೆಯ ದಿನ 13 ಜೂನ್ 2026. ಆಗಸ್ಟ್‌ನಲ್ಲಿ, ಮುಗಿಯಲು 7 ತಿಂಗಳಿದ್ದರೂ, ಹಡಗು ಹತ್ತಿಸಿಕೊಳ್ಳುವುದಿಲ್ಲ. ಮಗಳದ್ದು ಎರಡನೆಯ ಷರತ್ತಿನಲ್ಲಿ ಬೀಳುತ್ತದೆ: 20 ಆಗಸ್ಟ್‌ಗೆ 3 ತಿಂಗಳು ಸೇರಿಸಿದರೆ 20 ನವೆಂಬರ್, ಅವಳದ್ದು ಅಕ್ಟೋಬರ್‌ಗೇ ಮುಗಿಯುತ್ತದೆ. ಮಕ್ಕಳ ಪಾಸ್‌ಪೋರ್ಟ್ ಬರೀ 5 ವರ್ಷದ್ದು, ಅದಕ್ಕೇ ಎಷ್ಟೋ ಮನೆಗಳಲ್ಲಿ ದೊಡ್ಡವರದ್ದು ನೋಡಿ ಮಕ್ಕಳದ್ದು ಮರೆತುಹೋಗುತ್ತದೆ. ಇಬ್ಬರದೂ ಈಗಲೇ ನವೀಕರಿಸಿ. ಉಳಿದ ತಿಂಗಳುಗಳು ಈಗ ಹೊಸದಕ್ಕೆ ಸೇರುವುದಿಲ್ಲ. ಹಳೆಯದನ್ನು ಕಳಿಸಿಕೊಟ್ಟ ಮೇಲೆ ಹೊಸದು ಬರುವವರೆಗೆ ಪಾಸ್‌ಪೋರ್ಟ್ ಕೈಯಲ್ಲಿರುವುದಿಲ್ಲ. ಆ ನಡುವೆ ಬೇರೆ ಪ್ರಯಾಣ ಇಟ್ಟುಕೊಳ್ಳಬೇಡಿ.

ಪಕ್ಕದ ಗರ್ನ್ಸಿ ದ್ವೀಪದ ಸೇಂಟ್ ಪೀಟರ್ ಪೋರ್ಟ್‌ನಿಂದ ಇನ್ನೊಬ್ಬರು: ಮೇಲಿನ ಮಾತಿಗೆ ಒಂದು ಸೇರ್ಪಡೆ. ಎರಡು ಷರತ್ತನ್ನೂ ಬೇರೆಬೇರೆಯಾಗಿಯೇ ಲೆಕ್ಕ ಹಾಕಿ. ಮೂರು ತಿಂಗಳನ್ನು ಅಚ್ಚಾಗಿರುವ ಮುಕ್ತಾಯದ ತಾರೀಖಿನಿಂದ ಹಿಂದಕ್ಕೆ ಎಣಿಸಬೇಕೇ ಹೊರತು ಹತ್ತನೇ ವರ್ಷದಿಂದಲ್ಲ. ಜೂನ್ 10ಕ್ಕೆ ಇಳಿದು ಅಲ್ಲೇ ಇರುವಾಗ ಹತ್ತು ವರ್ಷ ತುಂಬಿದರೂ ತಪ್ಪಿಲ್ಲ. ಕೆಲವು ಕೌಂಟರ್‌ಗಳಲ್ಲಿ ಇವೆರಡನ್ನೂ ಬೆರೆಸಿ ಜನರನ್ನು ತಡೆದಿದ್ದುಂಟು. ತಪ್ಪಾಗಿ ಕರೆತಂದವರನ್ನು ವಾಪಸ್ ಒಯ್ಯುವ ಹೊಣೆ ಹಡಗು ಕಂಪನಿಯದ್ದೇ ಆದ್ದರಿಂದ ಅವರು ಬಿಗಿ ಹಿಡಿಯುತ್ತಾರೆ. ಷೆಂಗೆನ್ ಗಡಿ ಸಂಹಿತೆಯ 6ನೇ ವಿಧಿಯ ಮುದ್ರಿತ ಪ್ರತಿ ಜೊತೆಗಿರಲಿ.

ಹಳೇ ದ್ವೀಪ ಪಾಸ್‌ಪೋರ್ಟುಗಳಲ್ಲಿ ‘ಯೂನಿಯನ್ನಿನ ಉದ್ಯೋಗ, ನೆಲೆಸುವ ಹಕ್ಕುಗಳು ಈ ವ್ಯಕ್ತಿಗೆ ಅನ್ವಯಿಸುವುದಿಲ್ಲ’ ಎಂಬ ಒಕ್ಕಣೆ ಇರಬಹುದು. ಬ್ರಿಟನ್ ಜೊತೆ ನೇರ ನಂಟಿಲ್ಲದ ದ್ವೀಪದವರಿಗೆ ಅದನ್ನು ಹಾಕುತ್ತಿದ್ದರು. ಈಗ ಎಲ್ಲ ಬ್ರಿಟಿಷರದೂ ಅದೇ ಸ್ಥಿತಿ, ಹಾಗಾಗಿ ಅದಕ್ಕೆ ಬೆಲೆಯಿಲ್ಲ. 180 ದಿನಗಳಲ್ಲಿ 90 ದಿನ ಎಂಬ ಮಿತಿ ಎಲ್ಲರಿಗೂ ಒಂದೇ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. 2025ರ ಅಕ್ಟೋಬರ್ 12ರಿಂದ ಶುರುವಾದ ಇಇಎಸ್ (ಷೆಂಗೆನ್ ಗಡಿಯಲ್ಲಿ ಹೊರಗಿನವರ ಪ್ರವೇಶ, ನಿರ್ಗಮನ ದಾಖಲಿಸುವ) ವ್ಯವಸ್ಥೆಯಲ್ಲಿ ಮುಖಚಿತ್ರ ಮತ್ತು ಬೆರಳಚ್ಚು ಕೊಡಬೇಕು, 12 ವರ್ಷದೊಳಗಿನವರಿಗೆ ಬೆರಳಚ್ಚಿಲ್ಲ. ಮುದ್ರೆ ಒತ್ತದಿದ್ದರೂ ದಿನಗಳನ್ನು ಯಂತ್ರ ಎಣಿಸುತ್ತದೆ.

ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್‌ನಿಂದ ಮತ್ತೊಬ್ಬರು: ಹೆಂಡತಿಯ ವಿಷಯ ಬೇರೆಯೇ. ಜೆರ್ಸಿಯ ವಾಸದ ಪರವಾನಗಿ ಫ್ರಾನ್ಸಿಗೆ ಏನೂ ಅಲ್ಲ, ಷೆಂಗೆನ್ ವೀಸಾ ಬೇಕೇ ಬೇಕು. ಯೂನಿಯನ್ ಪ್ರಜೆಯ ಕುಟುಂಬಕ್ಕೆ ಸಿಗುವ ಉಚಿತ ವೀಸಾ ಬ್ರಿಟಿಷ್ ಗಂಡನ ಲೆಕ್ಕದಲ್ಲಿ ಈಗ ಸಿಗದು. ವಯಸ್ಕರಿಗೆ ಶುಲ್ಕ 90 ಯೂರೋ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ, 15 ದಿನಕ್ಕಿಂತ ತಡವೂ ಆಗಬಾರದು. ಆಗಸ್ಟ್‌ಗೆ ಏಪ್ರಿಲ್‌ನಲ್ಲೇ ತಯಾರಾಗಿ. ಅವರ ಪಾಸ್‌ಪೋರ್ಟಿಗೂ ಅದೇ 10 ವರ್ಷ, 3 ತಿಂಗಳು, ಜೊತೆಗೆ 2 ಖಾಲಿ ಪುಟ, 30,000 ಯೂರೋ ವೈದ್ಯಕೀಯ ವಿಮೆ.

ಐರ್ಲೆಂಡಿಗೆ ಹೋಗುವುದಾದರೆ ನಿಮಗೆ ಈ ಲೆಕ್ಕ ಯಾವುದೂ ಇಲ್ಲ. ಪಾಸ್‌ಪೋರ್ಟ್ ಅವಧಿಯಲ್ಲಿದ್ದರೆ ಸಾಕು.

ಮಗಳಿಗೆ ಓಸಿಐ ಕಾರ್ಡ್ (ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದರೆ ಇನ್ನೊಂದು ಕೆಲಸ: 20 ವರ್ಷ ತುಂಬುವವರೆಗೆ ಪ್ರತಿ ಹೊಸ ಪಾಸ್‌ಪೋರ್ಟ್ ಬಂದಾಗಲೂ ಅದರ ಪ್ರತಿ ಮತ್ತು ಹೊಸ ಫೋಟೋವನ್ನು 3 ತಿಂಗಳೊಳಗೆ ಓಸಿಐ ಪೋರ್ಟಲ್‌ಗೆ ಏರಿಸಬೇಕು. ಇದಕ್ಕೆ ಶುಲ್ಕವಿಲ್ಲ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗುವವರು ಇದನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.